ಖಾನಾವಳಿ ಅವ್ವನ ಸಾಕ್ಷಿ

ಮೊನ್ನೆ ಪಕ್ಕದ ಮನೆಯ ಸೊಸೆ ಗುರೆಳ್ಳು ಹುರಿಯಲು ಇಟ್ಟು ಫೋನಿನಲ್ಲಿ ಮಾತಿಗೆ ನಿಂತಳೆಂದು ಕಾಣುತ್ತದೆ. ಕಾಳು ಸೀದ ಆ ಕಹಿ ಹೊಗೆ ಗೋಡೆ ದಾಟಿ ನನ್ನ ಹೊಲಿಗೆ ಮಿಷನ್ನಿನವರೆಗೂ ಬಂತು. ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. ಎಷ್ಟೋ ವರ್ಷಗಳ ಹಿಂದೆ ಬಳ್ಳಾರಿಯ ಸ್ಟೇಷನ್ ರಸ್ತೆಯ ಒಂದು ಖಾನಾವಳಿಯ ಅಡುಗೆಮನೆಯಲ್ಲಿ ನಾನೂ ಹೀಗೆಯೇ ಗುರೆಳ್ಳು ಸೀಯಿಸಿದ್ದೆ. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತಿದ್ದೆ. ಹಿಂದಿನಿಂದ ಬಂದ ಒಡತಿ ಬಾಣಲೆ ಕೆಳಗಿಳಿಸಿ, "ಇರಲಿ ಬಿಡು, ಇವತ್ತು ವಕೀಲರು ಕಹಿ ತಿನ್ಲಿ" ಎಂದಳು. ಆ ಊರಿಗೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಎಲ್ಲರೂ ಆಕೆಯನ್ನು ಖಾನಾವಳಿ ಅವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಬರಬರುತ್ತಾ ಬರೀ ಅವ್ವ... ಹೆಸರು ಬರೆಯುವುದಿಲ್ಲ. ನನ್ನ ಹಳ್ಳಿಯ ಹೆಸರನ್ನೂ ಬರೆಯುವುದಿಲ್ಲ, ಸಿರುಗುಪ್ಪ ತಾಲೂಕು ಎಂದರೆ ಸಾಕು. ನನ್ನ ಮಕ್ಕಳಿಗೆ ಈ ಯಾವುದೂ ಗೊತ್ತಿಲ್ಲ. ಇಷ್ಟು ವಯಸ್ಸಾದ ಮೇಲೂ ಇದನ್ನು ಬರೆಯಲು ಕೂತರೆ ಕೈ ತಾನಾಗಿ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತದೆ. ಮನೆಯಲ್ಲಿ ಯಾರೂ ಇಲ್ಲ, ಆದರೂ.

ನಮ್ಮದು ಕಾಲುವೆ ನೀರಿನ ಊರು. ಗದ್ದೆ ಬೇರೆಯವರದು, ನಾಟಿಯ ಕೈ ನಮ್ಮದು. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಏಳನೇ ಕ್ಲಾಸು ಮುಗಿಸಿ ನಾನು ಮನೆಯಲ್ಲಿದ್ದೆ, ಹದಿನೈದು ತುಂಬಿತ್ತೋ ಇಲ್ಲವೋ. ಅಪ್ಪನ ತಂಗಿಯನ್ನು ಕುರುಗೋಡಿಗೆ ಕೊಟ್ಟಿತ್ತು. ಆ ಅತ್ತೆಯ ಗಂಡ, ಅಂದರೆ ನನ್ನ ಮಾವ, ಒಂದು ಕಡೆ ನಿಲ್ಲುವ ಮನುಷ್ಯ ಅಲ್ಲ. ಒಮ್ಮೆ ಭತ್ತದ ದಲಾಲಿ ಎನ್ನುತ್ತಿದ್ದ, ಇನ್ನೊಮ್ಮೆ ಎತ್ತಿನ ವ್ಯಾಪಾರ ಎನ್ನುತ್ತಿದ್ದ. ಬಂದಾಗಲೆಲ್ಲ ನನಗೆ ಬತ್ತಾಸು ತರುತ್ತಿದ್ದ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಬಂದು, "ಬೊಂಬಾಯಿಯಾಗ ನಮ್ಮ ಕಡೆಯವರದ ಮನಿ ಐತಿ, ಕೂಸು ಆಡ್ಸೋ ಕೆಲಸ, ಉಂಡುಟ್ಟು ಇರ್ತಾಳ" ಎಂದ. ಅಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅದನ್ನೇ ಒಪ್ಪಿಗೆ ಎಂದುಕೊಂಡರು.

ಬಳ್ಳಾರಿಯಲ್ಲಿ ಬಸ್ಸು ಇಳಿಯುವವರೆಗೂ ನನಗೆ ಹೆದರಿಕೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಾವ ನನ್ನನ್ನು ಒಂದು ಮೂಲೆಗೆ ಕರೆದು, "ಯಾರರ ಕೇಳಿದ್ರ ಹತ್ತೊಂಬತ್ತು ವರ್ಷ ಅನ್ನು. ಅಪ್ಪ ಇಲ್ಲ ಅನ್ನು" ಎಂದ. ಅಪ್ಪ ಇದ್ದಾನಲ್ಲ ಎಂದೆ. ಮಾವ ನಗಲಿಲ್ಲ. ಬತ್ತಾಸು ತರುತ್ತಿದ್ದ ಮುಖ ಅದಲ್ಲ.

ರೈಲಿಗೆ ಮುಂಚೆ ಊಟಕ್ಕೆಂದು ಸ್ಟೇಷನ್ ರಸ್ತೆಯ ಖಾನಾವಳಿಗೆ ಕರೆದುಕೊಂಡು ಹೋದ. ಉದ್ದನೆಯ ಮಂಚದಂಥ ಹಲಗೆಗಳು, ಗೋಡೆಯ ಮೇಲೆ ಬಸವಣ್ಣನ ಪಟ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಕೋರ್ಟಿನ ಗುಮಾಸ್ತರು, ಅಂಗಡಿಯವರು, ಊರಿಂದ ಊರಿಗೆ ಹೋಗುವವರು. ಬಿಳಿ ಸೀರೆ ಅಲ್ಲದ, ಆದರೆ ಬಣ್ಣ ಮಾಸಿದ ಸೀರೆಯುಟ್ಟ, ಹಣೆಗೆ ಬರೀ ವಿಭೂತಿ ಹಚ್ಚಿದ ಹೆಂಗಸು ಬಡಿಸುತ್ತಿದ್ದಳು. ನಾನು ತಲೆಯೆತ್ತಿ ಆಕೆಯ ಮುಖ ನೋಡಿದೆ. ಏನೂ ಹೇಳಲಿಲ್ಲ, ಹೇಳುವುದಕ್ಕೆ ಏನಿದೆ ಎಂಬುದೂ ಗೊತ್ತಿರಲಿಲ್ಲ. ಆಕೆ ನಿಂತಳು. ನನ್ನನ್ನೇ ನೋಡಿದಳು. ಆಮೇಲೆ ನಾನು ಕೇಳದಿದ್ದರೂ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಮುಂದಕ್ಕೆ ಹೋದಳು.

ಗುಂತಕಲ್ಲಿನಲ್ಲಿ ರೈಲು ಬದಲಿಸಿದೆವು. ಅದರಾಚೆಯದು... ಅದನ್ನು ಕೋರ್ಟಿನಲ್ಲಿ ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ಹೇಳುವುದಿಲ್ಲ.

ಮುಂದಿನ ವರ್ಷ ಪೊಲೀಸರು, ಬೊಂಬಾಯಿಯಲ್ಲಿ ಮಾವ ನನ್ನನ್ನು ಬಿಟ್ಟುಹೋಗಿದ್ದ ಮನೆಯ ಬಾಗಿಲು ಒಡೆದರು. ಹಲವು ಕಡೆ ಇಟ್ಟು, ಕೇಳಿ, ಬರೆದು, ಕೊನೆಗೆ ನನ್ನನ್ನು ಬಳ್ಳಾರಿಗೆ ತಂದು ಹೆಂಗಸರ ಸರಕಾರಿ ನಿಲಯದಲ್ಲಿ ಬಿಟ್ಟರು. ಮಾವನನ್ನು ಹಿಡಿದಿದ್ದರು. ಕೇಸು ಬಳ್ಳಾರಿಯಲ್ಲೇ ನಡೆಯಬೇಕಿತ್ತು. ಅಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಬಂದ. ನಿಲಯದ ಗೇಟಿನವರೆಗೆ ಬಂದು ಅಲ್ಲೇ ನಿಂತ. ನಾನು ವರಾಂಡದಲ್ಲಿ ನಿಂತಿದ್ದೆ. ನಿಲಯ ನೋಡಿಕೊಳ್ಳುವ ಮೇಟ್ರನ್ ಬಾಯಿ, ಒಳಗೆ ಬನ್ನಿ ಎಂದಾಗ ಅಪ್ಪ ಕೈಮುಗಿದು ಹೇಳಿದ ಮಾತು ನನಗೂ ಕೇಳಿಸಿತು. "ಊರಾಗ ನಮ್ಮ ಹುಡುಗಿ ಜ್ವರ ಬಂದು ಸತ್ತಾಳ ಅಂತ ಹೇಳೀನ್ರಿ. ದಿನ ಕರ್ಮ ಎಲ್ಲಾ ಮಾಡೀವಿ. ಈಗ ಹೆಂಗ ಕರ್ಕೊಂಡು ಹೋಗ್ಲಿ?"

ಅಪ್ಪ ಕೆಟ್ಟವನಲ್ಲ. ಅಳುತ್ತಿದ್ದ. ಆದರೆ ನನ್ನ ಕಡೆ ನೋಡಲಿಲ್ಲ. ಬದುಕಿ ಬಂದದ್ದೇ ತಪ್ಪು ಎಂಬಂತೆ ನಾನು ಕಂಬದ ಹಿಂದೆ ಸರಿದು ನಿಂತೆ.

ಸ್ವಲ್ಪ ದಿನ ಬಿಟ್ಟು ಪೊಲೀಸರು ನನ್ನನ್ನು ಸ್ಟೇಷನ್ ರಸ್ತೆಗೆ ಕರೆದೊಯ್ದರು. ಮಾವ ಎಲ್ಲೆಲ್ಲಿ ಕರೆದುಕೊಂಡು ಹೋದ, ಯಾರು ನೋಡಿದರು ಎಂಬುದನ್ನು ತೋರಿಸಬೇಕಿತ್ತು. ನಾನು ಖಾನಾವಳಿ ತೋರಿಸಿದೆ. ನಡು ಮಧ್ಯಾಹ್ನ, ಹಲಗೆಗಳ ತುಂಬ ಜನ. ಪೇದೆ ಬಾಗಿಲಲ್ಲಿ ನಿಂತು, "ಈ ಹುಡುಗಿ ಒಬ್ಬ ಗಂಡಸಿನ ಕೂಡ ಇಲ್ಲಿ ಉಂಡಿದ್ಳಂತ, ನಿಮಗ ನೆನಪೈತೇನ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಉಣ್ಣುವವರ ಕೈ ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ. ಬೊಂಬಾಯಿಯಿಂದ ತಂದ ಹುಡುಗಿ ಎಂಬುದು ಊರಿಗೇ ಗೊತ್ತಿತ್ತು. ಒಬ್ಬ ಇನ್ನೊಬ್ಬನಿಗೆ ತೆಲುಗಿನಲ್ಲಿ ಏನೋ ಹೇಳಿ ನಕ್ಕ.

ಆಕೆ ನನ್ನ ಕಡೆ ನೋಡದೆಯೇ, "ಇಲ್ರಿ. ದಿನಾ ಎಷ್ಟೋ ಮಂದಿ ಬರ್ತಾರ. ಯಾರ್ದಂತ ನೆನಪಿಡ್ಲಿ" ಎಂದು ಒಳಗೆ ಹೋದಳು.

ಇನ್ನೊಂದು ರೊಟ್ಟಿ ಹಾಕಿದ ಕೈ ಅದು. ಆ ಕೈಯೂ ನನ್ನನ್ನು ಅರಿಯೆನೆಂದಿತು. ನಿಲಯಕ್ಕೆ ವಾಪಸು ಹೋಗುವಾಗ ನಾನು ಸೆರಗಿನಲ್ಲಿ ಪೂರ್ತಿ ಮುಖ ಮುಚ್ಚಿಕೊಂಡಿದ್ದೆ, ದಾರಿ ಕಾಣದೆ ಎರಡು ಸಲ ಎಡವಿದೆ.

ಮರುದಿನ ಬೆಳಿಗ್ಗೆ ಆಕೆ ನಿಲಯಕ್ಕೆ ಬಂದಳು, ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಮೇಟ್ರನ್ ಬಾಯಿಯ ಮುಂದೆ ನಿಂತು, ನನ್ನ ಮುಖ ನೋಡಿಯೇ ಹೇಳಿದಳು. "ನೆನಪೈತಿ. ನಿನ್ನೆ ಸುಳ್ಳು ಹೇಳಿದೆ. ಗಿರಾಕಿಗುಳ ಮುಂದ ಹೌದು ಅನ್ನಾಕ ಬಾಯಿ ಬರ್ಲಿಲ್ಲ. ಪೊಲೀಸ್ನೋರ ಹತ್ರ ಹೋಗಿ ಬಂದೀನಿ. ಕೋರ್ಟಿಗೂ ಬರ್ತೀನಿ" ಎಂದು ಗಂಟನ್ನು ನನ್ನ ಕೈಗಿಟ್ಟು ಹೋದಳು.

ಆಮೇಲೆ ವಾರಕ್ಕೊಮ್ಮೆ ಬಂದಳು. ತಂದೆ ಕರೆದುಕೊಳ್ಳದ ಹುಡುಗಿಯನ್ನು ಯಾರಾದರೂ ಮರ್ಯಾದಸ್ಥರು ಒಪ್ಪಿದರೆ ಕಳಿಸಬಹುದು ಎಂದು ಮ್ಯಾಜಿಸ್ಟ್ರೇಟರು ಹೇಳಿದಾಗ, ಅವ್ವ ಮುಚ್ಚಳಿಕೆ ಬರೆದುಕೊಟ್ಟು ನನ್ನನ್ನು ಮನೆಗೆ ಕರೆದುಕೊಂಡು ಬಂದಳು. ಖಾನಾವಳಿಯೇ ಆಕೆಯ ಮನೆ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನಗೆ ಒಳಗಿನ ಕೆಲಸ ಕೊಟ್ಟಳು. ಗುರೆಳ್ಳು ಹುರಿಯುವುದು, ಪುಂಡಿಸೊಪ್ಪು ಸೋಸುವುದು, ಹಿಟ್ಟು ನಾದುವುದು. ಹೊರಗೆ ಬಡಿಸಲು ಹೇಳಲಿಲ್ಲ. ನಾನು ಬಾಗಿಲ ಸಂದಿಯಿಂದ ಕೂಡ ಹೊರಗೆ ನೋಡುತ್ತಿರಲಿಲ್ಲ.

ಕೋರ್ಟು ಎಂದರೆ ಒಂದು ದಿನದ ಮಾತು ಎಂದುಕೊಂಡಿದ್ದೆ. ಹೋಗುವುದು, ಬೇವಿನ ಮರದ ಕೆಳಗೆ ಕೂರುವುದು, ಸಂಜೆಗೆ ವಾಯಿದೆ ಬಿತ್ತು ಎಂದು ವಾಪಸು ಬರುವುದು. ಒಮ್ಮೆ ವಕೀಲರಿಗೆ ಜ್ವರ, ಒಮ್ಮೆ ಜಡ್ಜರಿಗೆ ರಜೆ, ಒಮ್ಮೆ ಬೊಂಬಾಯಿಯ ಪೊಲೀಸು ಬರಲಿಲ್ಲ. ಕೂರುವುದು ಕಷ್ಟವಲ್ಲ. ಜವಾನ ಬಾಗಿಲಿಗೆ ಬಂದು ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಕೂಗುತ್ತಿದ್ದನಲ್ಲ, ಅದು. ಆ ಕೂಗಿಗೆ ಕಂಪೌಂಡಿನಲ್ಲಿದ್ದವರೆಲ್ಲ ತಿರುಗುತ್ತಿದ್ದರು. ಸಿರುಗುಪ್ಪದ ಕಡೆಯಿಂದ ಜಮೀನಿನ ವ್ಯಾಜ್ಯಕ್ಕೆ ಬಂದವರೂ ಇರುತ್ತಿದ್ದರು. ಸತ್ತಳೆಂದು ದಿನ ಮಾಡಿದ ಹುಡುಗಿಯ ಹೆಸರು ಅಪ್ಪನ ಹೆಸರಿನ ಜೊತೆ ಗಾಳಿಯಲ್ಲಿ ನಿಲ್ಲುತ್ತಿತ್ತು.

ಅವ್ವ ಒಂದು ದಿನ ಎದ್ದು ಹೋಗಿ ಆ ಜವಾನನಿಗೆ ಹೇಳಿದಳು. "ತಮ್ಮಾ, ಅಕಿ ಇಲ್ಲೇ ಗಿಡದ ಕೆಳಗ ಕುಂತಿರ್ತಾಳ. ಎಲ್ಲಿಗೂ ಓಡಿ ಹೋಗಂಗಿಲ್ಲ. ಕೂಗಬ್ಯಾಡ, ಕೈ ಮಾಡು ಸಾಕು." ಆತ ಕಾನೂನು ಎಂದ. "ಕಾನೂನು ಕೂಗು ಅಂತೈತಿ, ದೊಡ್ಡ ದನೀಲೆ ಕೂಗು ಅಂತಿಲ್ಲಲ್ಲ." ಅಂದಿನಿಂದ ಆತ ಮರದ ತನಕ ಬಂದು ಮೆಲ್ಲಗೆ ಕರೆಯುತ್ತಿದ್ದ. ಯಾವ ದೊಡ್ಡವರೂ ನನಗೆ ಮಾಡದ ಉಪಕಾರ ಅದು.

ಆ ದಿನಗಳಲ್ಲಿ ಅಪ್ಪ ಮತ್ತು ಅತ್ತೆ ಖಾನಾವಳಿಗೆ ಬಂದರು. ಊಟದ ಹೊತ್ತು ಮೀರಿತ್ತು, ಗಿರಾಕಿಗಳಿರಲಿಲ್ಲ. ಅತ್ತೆ ಕುರುಗೋಡಿನಿಂದ ನೇರ ಬಂದಿದ್ದಳು, ಕಣ್ಣು ಊದಿದ್ದವು. ಅವ್ವ ಇಬ್ಬರಿಗೂ ತಟ್ಟೆ ಹಾಕಿ ಬಡಿಸಿದಳು. ಅಪ್ಪ ರೊಟ್ಟಿಗೆ ಕೈ ಹಾಕಿದವನು ನಿಲ್ಲಿಸಿ, "ಇದು ಯಾರು ಬಡಿದದ್ದು?" ಎಂದು ಕೇಳಿದ. ನಿಮ್ಮ ಮಗಳು ಎಂದಳು ಅವ್ವ. ಅಪ್ಪ ಕೈ ಹಿಂದಕ್ಕೆ ತೆಗೆದ. ತಟ್ಟೆಯನ್ನು ಒಂದಿಷ್ಟು ದೂರ ತಳ್ಳಿದ. ಬಹಳ ಮೆಲ್ಲಗೆ ತಳ್ಳಿದ, ಸದ್ದಾಗಬಾರದು ಎಂಬಂತೆ.

ಬೊಂಬಾಯಿಯಲ್ಲಿ ಯಾರ್ಯಾರೋ ಏನೇನೋ ಮಾಡಿದ್ದರು. ಅದಕ್ಕೆಲ್ಲ ನನ್ನೊಳಗೆ ಒಂದು ಮರಗಟ್ಟಿದ ಜಾಗವಿತ್ತು. ಆ ತಟ್ಟೆಗೆ ಇರಲಿಲ್ಲ.

ಅತ್ತೆ ಸೆರಗೊಡ್ಡಿದಳು. "ನಾನ ಇಷ್ಟಪಟ್ಟು ಹೋದೆ ಅಂತ ಒಂದು ಮಾತು ಹೇಳು ಮಗಳ. ನಿಂದು ಹೋಗಿದ್ದು ಹೋತು. ನನ್ನ ತಾಳಿ ಉಳಿಸು." ಅಪ್ಪನೂ ಗೋಡೆ ನೋಡುತ್ತಾ ಹೌದು ಎಂಬಂತೆ ತಲೆ ಆಡಿಸಿದ. ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನ ಪರವಾಗಿ ಮಾತಾಡುತ್ತಾಳೆ ಎಂದು ಕಾದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

ಅತ್ತೆಗೆ ನನಗಿಂತ ಎರಡು ವರ್ಷ ಚಿಕ್ಕ ಮಗಳಿದ್ದಳು. ಎಲ್ಲಿಂದ ಬಂತೋ, ಬಾಯಿಂದ ಆ ಮಾತು ಬಂತು. "ನಿನ್ನ ಮಗಳು ದೊಡ್ಡಾಕಿ ಆದ್ಳೇನು ಅತ್ತಿ?"

ಅತ್ತೆ ಒಡ್ಡಿದ ಸೆರಗು ಹಾಗೇ ಇತ್ತು. ನನ್ನ ಮುಖ ನೋಡಿದಳು. ಆಕೆಯ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಸೆರಗು ಸರಿಪಡಿಸಿಕೊಂಡು ಎದ್ದು, "ನಡಿ ಅಣ್ಣಾ" ಎಂದಳು. ಆಮೇಲೆ ಒಂದು ದಿನವೂ ಆಕೆ ಗಂಡನಿಗಾಗಿ ಕೋರ್ಟಿಗೆ ಬರಲಿಲ್ಲ.

ನನ್ನ ಸಾಕ್ಷಿಯ ದಿನ ಬೆಳಿಗ್ಗೆ ನಾನು ಬರುವುದಿಲ್ಲ ಎಂದೆ. ಹಾಗೆ ಎಲ್ಲರ ಮುಂದೆ ಅದನ್ನು ಹೇಳಿ ಬದುಕಿ ಉಳಿಯುವುದಿಲ್ಲ ಎಂದೆ. ಅವ್ವ ನನ್ನ ತಲೆ ಬಾಚುತ್ತಿದ್ದಳು. "ನಾಚಿಕಿ ಹೋಗ್ಲಿ, ಆಮ್ಯಾಲೆ ಮಾತಾಡ್ತೀನಿ ಅಂದ್ರ ಅದು ಹೋಗಂಗಿಲ್ಲವ್ವಾ. ಅದನ್ನ ಹೊತ್ಕೊಂಡ ಮಾತಾಡಬೇಕು" ಎಂದು ಹೆರಳು ಬಿಗಿದಳು. ಆಕೆ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಳು ಎಂಬುದು ನನಗೆ ಆಗ ತಿಳಿಯಲಿಲ್ಲ.

ಒಳಗೆ ಹೋದರೆ ಹಿಂದಿನ ಬೆಂಚುಗಳೆಲ್ಲ ತುಂಬಿದ್ದವು. ಬೊಂಬಾಯಿ ಹುಡುಗಿ ಇವತ್ತು ಮಾತಾಡುತ್ತಾಳೆ ಎಂದು ಕೆಲಸ ಬಿಟ್ಟು ಬಂದವರು. ಅರ್ಧ ಮಂದಿ ಅವ್ವನ ಗಿರಾಕಿಗಳೇ. ಜಡ್ಜರು ಇನ್ನೂ ಬಂದಿರಲಿಲ್ಲ. ಅವ್ವ ನನ್ನನ್ನು ಮುಂದೆ ಕೂರಿಸಿ, ಹಿಂದಕ್ಕೆ ತಿರುಗಿ, ಬಡಿಸುವಾಗಿನ ದನಿಯಲ್ಲೇ ಒಬ್ಬೊಬ್ಬರನ್ನೇ ಮಾತಾಡಿಸತೊಡಗಿದಳು.

"ಏನ್ರಿ ಸಾವ್ಕಾರ್ರ, ದೊಡ್ಡ ಮಗಳ ಬಾಣಂತನ ಮುಗೀತೇನ್ರಿ?"

ಬಟ್ಟೆ ಅಂಗಡಿಯವರು ಹೂಂ ಎಂದರು.

"ಮಾಸ್ತರ, ತಂಗಿಗೆ ಗಂಡು ನೋಡಾಕತ್ತಿದ್ರಿ, ಕೂಡಿ ಬಂತೇನ್ರಿ? ಲೇ ತಮ್ಮಾ, ನಿಮ್ಮ ಅಕ್ಕ ಊರಿಂದ ಬಂದಾಳಂತ, ಆರಾಮ ಅದಾಳೇನು?"

ಬೈಗುಳ ಇಲ್ಲ, ಎತ್ತರದ ದನಿ ಇಲ್ಲ. ಮಗಳು, ತಂಗಿ, ಅಕ್ಕ ಎಂದು ಕೇಳುತ್ತಾ ಹೋದಳು. ಮಾಸ್ತರು ಮೊದಲು ಎದ್ದರು. ಆಮೇಲೆ ಬೆಂಚುಗಳು ಸದ್ದಿಲ್ಲದೆ ಖಾಲಿಯಾದವು. ಅವರಲ್ಲಿ ಹೆಚ್ಚಿನವರು ಮತ್ತೆಂದೂ ಖಾನಾವಳಿಗೆ ಉಣ್ಣಲು ಬರಲಿಲ್ಲ. ಆ ವರ್ಷವೇ ಅವ್ವ, ಬಡಿಸಲು ಕೈಜೋಡಿಸುತ್ತಿದ್ದ ಹೆಂಗಸನ್ನು ಬಿಡಿಸಿ ತಾನೊಬ್ಬಳೇ ಬಡಿಸಬೇಕಾಯಿತು.

ಜಡ್ಜರು ಬರುವ ಹೊತ್ತಿಗೆ ಜವಾನ, "ಅವ್ವಾರ, ನೀವೂ ಸಾಕ್ಷಿ ಅದೀರಿ, ಹೊರಗ ಕುಂದರ್ರಿ" ಎಂದ. ನಾನೊಬ್ಬಳೇ ಉಳಿದೆ.

ಕಟಕಟೆಯ ಮರ ನುಣುಪಾಗಿತ್ತು. ಎಷ್ಟು ಕೈಗಳು ಹಿಡಿದಿದ್ದವೋ. ಅದನ್ನೇ ನೋಡುತ್ತಾ ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ಮಾವ ಎದುರಿಗೇ ನಿಂತಿದ್ದ. ಮಾವನ ವಕೀಲರು ವಯಸ್ಸಾದವರು, ದನಿ ಮೃದು. ಪಾಟಿ ಸವಾಲು ಹಾಕಲು ಎದ್ದಾಗಲೂ ಅಮ್ಮಾ ಎಂದೇ ಕರೆದರು.

"ಬಸ್ಸಿನಲ್ಲಿ ಜನ ಇದ್ದರೇನಮ್ಮಾ?"

"ಇದ್ರು."

"ಖಾನಾವಳಿಯಲ್ಲಿ?"

"ಇದ್ರು."

"ಒಬ್ಬರಿಗಾದರೂ ಹೇಳಿದೆಯಾ, ಒಲ್ಲೆ ಅಂತ?"

"ಇಲ್ರಿ."

"ಯಾಕೆ?"

"ಮಾವ ಆಗ್ತಾನ್ರಿ" ಎಂದೆ. ಅಷ್ಟೇ ಹೊಳೆದದ್ದು. ವಕೀಲರು ಸ್ವಲ್ಪ ನಕ್ಕು, ಇಷ್ಟಪಟ್ಟೇ ಹೋದದ್ದು ಎಂದು ಬರೆದುಕೊಳ್ಳಲಿ ಎನ್ನುವಂತೆ ಜಡ್ಜರ ಕಡೆ ನೋಡಿದರು. ಆ ಪ್ರಶ್ನೆಯನ್ನು ನಾನೂ ಬೊಂಬಾಯಿಯಲ್ಲಿ ಎಷ್ಟೋ ಸಲ ನನಗೇ ಹಾಕಿಕೊಂಡಿದ್ದೆ. ಯಾಕೆ ಕೂಗಲಿಲ್ಲ. ಯಾಕೆ ಆ ರೊಟ್ಟಿ ತಿಂದು ಎದ್ದು ಅವನ ಹಿಂದೆ ಹೋದೆ. ನಾನು ಕಟಕಟೆ ಇಳಿದಾಗ ಕೇಸು ಹೋಯಿತು, ನನ್ನಿಂದಲೇ ಹೋಯಿತು ಎಂದುಕೊಂಡೆ.

ಅವ್ವನ ಸರದಿ ಅದೇ ದಿನ ಮಧ್ಯಾಹ್ನದ ಮೇಲೆ ಬಂತು. ನನ್ನ ಸಾಕ್ಷಿ ಮುಗಿದಿದ್ದರಿಂದ ನಾನು ಒಳಗೇ ಕೂತಿದ್ದೆ. ಈ ಹುಡುಗಿಯನ್ನು ಈ ಮನುಷ್ಯ ಕರೆತಂದದ್ದು ನಿಜ ಎಂದು ಹೇಳಿದರೆ ಆಕೆಯ ಕೆಲಸ ಮುಗಿಯುತ್ತಿತ್ತು. ಹೇಳಿದಳು. ಮಾವನ ವಕೀಲರು ಎದ್ದು, ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಪಾಠ ಹೇಳಿಕೊಟ್ಟಿದ್ದೀರಿ ಎಂದರು.

"ರೊಟ್ಟಿ ಬಡಿಯೋದು ಹೇಳಿಕೊಟ್ಟೀನ್ರಿ. ಅದೂ ಇನ್ನೂ ದುಂಡಗ ಬಂದಿಲ್ಲ."

ಜಡ್ಜರು ತಲೆ ಎತ್ತಿ ನೋಡಿದರು. ವಕೀಲರು ಬಿಡಲಿಲ್ಲ. "ಆ ದಿನ ಈ ಹುಡುಗಿ ನಿಮಗೆ ಏನಾದರೂ ಹೇಳಿದಳಾ? ಕಾಪಾಡಿ ಅಂದಳಾ? ಅತ್ತಳಾ?"

"ಇಲ್ರಿ."

ಅಷ್ಟು ಸಾಕಾಗಿ ವಕೀಲರು ಕೂರಲು ಹೋದರು. ಅವ್ವ ಕೆಳಗಿಳಿಯಲಿಲ್ಲ. "ಅಕಿ ಹೇಳಬೇಕಾಗಿದ್ದಿಲ್ರಿ" ಎಂದಳು. "ನೋಡಿದ್ರ ಗೊತ್ತಾಗತಿತ್ತು. ನನಗ ಗೊತ್ತಾತು."

ವಕೀಲರು ಮತ್ತೆ ಎದ್ದರು. ಗೊತ್ತಾಗಿದ್ದರೆ ಆಗಲೇ ಯಾಕೆ ಕೂಗಲಿಲ್ಲ ಎಂದು ಕೇಳಿದರು. ಬಾಯಿ ಮುಚ್ಚಿಸಲು ಕೇಳಿದ ಪ್ರಶ್ನೆ ಅದು. ಅವ್ವ ಕಟಕಟೆಯ ಮರ ಹಿಡಿದುಕೊಂಡಳು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಆಕೆಯ ಕುತ್ತಿಗೆ ಕೆಂಪಾಗುತ್ತಾ ಬಂದದ್ದು ನನಗೆ ಕಾಣುತ್ತಿತ್ತು.

"ನನ್ನ ಗಿರಾಕಿ ಆಗಿದ್ದನ್ರಿ ಅವ. ಬಂದ್ರ ನಾಕು ಮಂದೀನ ಕರ್ಕೊಂಡು ಬರಾವ. ಒಬ್ಬಾಕಿ ಹೆಣಮಗಳ ಬಾಳೇವು ನಂದು. ಯಾಕ ಬೇಕು ಅಂತ ಬಾಯಿ ಮುಚ್ಗೊಂಡೆ. ಇನ್ನೊಂದು ರೊಟ್ಟಿ ಹಾಕಿದೆ. ಅಷ್ಟ ಮಾಡಿದ್ದು." ಉಸಿರು ತೆಗೆದುಕೊಂಡಳು. "ಇಕಿ ಮೊದಲನೇಕಿ ಅಲ್ರಿ ಸ್ವಾಮಿ. ಇಕಿಗಿಂತ ಮುಂಚೆ ಇಬ್ಬರು ಹುಡುಗ್ಯಾರನ್ನ ಕರ್ಕೊಂಡು ಬಂದಿದ್ದ, ಬ್ಯಾರೆ ಬ್ಯಾರೆ ಸಲ. ಒಬ್ಬಾಕಿ ಕೈತುಂಬ ಹಸರ ಬಳಿ ಇಟ್ಟಿದ್ಳು. ಒಬ್ಬಾಕಿ ಎಡಗೈಲೆ ಉಣ್ಣತಿದ್ಳು, ಇವ ಬೈದ. ಅವರಿಗೂ ನಾನ ಬಡಿಸೀನಿ. ಅವರು ವಾಪಸು ಬಂದಿದ್ದು ನಾ ನೋಡಿಲ್ಲ."

ಮಾವ ತಲೆ ಬಗ್ಗಿಸಿದ. ಆ ಸಭೆಯಲ್ಲಿ ಆ ಕ್ಷಣಕ್ಕೆ ತಲೆ ಎತ್ತಿದ್ದವರು ಯಾರೂ ಇರಲಿಲ್ಲ. ಜಡ್ಜರು ತಾವೇ ಬರೆದುಕೊಳ್ಳುತ್ತಿದ್ದರು.

ಆ ಇಬ್ಬರ ವಿಷಯ ಅವ್ವ ನನಗೆ ಹೇಳಿರಲಿಲ್ಲ. ಒಂದೇ ಒಲೆಯ ಮುಂದೆ ಇಷ್ಟು ದಿನ ಕೂತಿದ್ದೆವು, ಹೇಳಿರಲಿಲ್ಲ. ಬಿಸಿಲಿನಲ್ಲಿ ಮನೆಗೆ ನಡೆಯುವಾಗ ನಾನು ಹಿಂದೆ ಉಳಿದೆ. ಮೊದಲನೆಯವಳನ್ನು ನೋಡಿದಾಗಲೇ ಬಾಯಿ ಬಿಟ್ಟಿದ್ದರೆ... ಎರಡನೆಯವಳನ್ನು ನೋಡಿದಾಗಲಾದರೂ... ನಾನು ಕುರುಗೋಡಿನ ಅತ್ತೆಯ ಮಗಳ ಜೊತೆ ಗುಡ್ಡದ ಬಂಡೆಗಳ ಮೇಲೆ ಆಡಿಕೊಂಡು ಇರುತ್ತಿದ್ದೆ. ಅವ್ವನ ಬೆನ್ನು ನೋಡುತ್ತಾ ನಡೆದೆ. ಹೆಗಲು ಕುಸಿದಿತ್ತು. ನನ್ನ ಕೇಸನ್ನು ಎತ್ತಿ ನಿಲ್ಲಿಸಿದವಳು ಆಕೆಯೇ. ನನ್ನನ್ನು ಹೋಗಗೊಟ್ಟವಳೂ ಆಕೆಯೇ.

ಹಲವು ದಿನ ನಾನು ಮಾತಾಡಲಿಲ್ಲ. ಆಕೆಯೂ ಸಮಜಾಯಿಷಿ ಹೇಳಲಿಲ್ಲ. ಒಂದು ಸಲ ಮಾತ್ರ, "ಹೋಗೋದಾದ್ರ ಮೇಟ್ರನ್ ಬಾಯಾರಿಗೆ ಹೇಳ್ತೀನಿ. ಬ್ಯಾಡ ಅನ್ನಂಗಿಲ್ಲ" ಎಂದಳು. ನಾನು ಹೋಗಲಿಲ್ಲ. ಕ್ಷಮಿಸಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಮರದ ಕೊಮ್ಮಣಿಗೆ ಎಳೆದುಕೊಂಡು ಹಿಟ್ಟು ನಾದಲು ಕೂತೆ, ಆಕೆ ಎದುರಿಗೆ ಕೂತು ಬಡಿದಳು.

ಮಾವನಿಗೆ ಶಿಕ್ಷೆ ಆಯಿತು. ಆ ಇಬ್ಬರು ಹುಡುಗಿಯರನ್ನು ಹುಡುಕಬೇಕೆಂದು ಜಡ್ಜರು ಹೇಳಿದರಂತೆ. ಯಾರು ಎಷ್ಟು ಹುಡುಕಿದರೋ. ಮಾವ ಬಾಯಿ ಬಿಡಲಿಲ್ಲ. ಹೆಸರಿಲ್ಲದ ಹುಡುಗಿಯರನ್ನು ಎಲ್ಲಿ ಹುಡುಕುವುದು ಎಂದು ಪೊಲೀಸರು ಕೈಚೆಲ್ಲಿದರು. ಅವ್ವ ಚೆಲ್ಲಲಿಲ್ಲ. ಖಾನಾವಳಿಗೆ ಬೀಗ ಹಾಕಿ, ನನ್ನನ್ನೂ ಕರೆದುಕೊಂಡು, ಕುರುಗೋಡಿನ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದಳು. ಬಾವಿಕಟ್ಟೆಯಲ್ಲಿ, ಗುಡಿಯ ಮುಂದೆ ಹೆಂಗಸರನ್ನು ಕೇಳುತ್ತಿದ್ದಳು, ಎಡಗೈಲಿ ಉಣ್ಣುವ ಹುಡುಗಿ ನಿಮ್ಮೂರಿಂದ ಬೊಂಬಾಯಿಗೆ ಹೋಗಿದ್ದುಂಟೇ ಎಂದು. ಕೆಲವರು ನಕ್ಕರು, ಕೆಲವರು ನಾವು ಯಾರೆಂದು ತಿಳಿದು ಒಳಗೆ ಹೋದರು.

ಒಂದು ಊರಿನಲ್ಲಿ ಯಾರೋ ಒಂದು ಮನೆ ತೋರಿಸಿದರು. ಬಾಗಿಲು ತೆರೆದ ಹೆಂಗಸು ಅವ್ವನ ಪ್ರಶ್ನೆ ಪೂರ್ತಿ ಕೇಳುವ ಮೊದಲೇ, "ನಮ್ಮ ಹುಡುಗಿ ಜ್ವರ ಬಂದು ಸತ್ತಾಳ್ರಿ" ಎಂದು ಬಾಗಿಲು ಹಾಕಿದಳು.

ಅಪ್ಪ ಗೇಟಿನಲ್ಲಿ ನಿಂತು ಹೇಳಿದ ಅದೇ ಮಾತು. ನಾನು ಅವ್ವನ ಕೈ ಹಿಡಿದುಕೊಂಡೆ. ಇಬ್ಬರೂ ಆ ಮುಚ್ಚಿದ ಬಾಗಿಲ ಮುಂದೆ ಬಹಳ ಹೊತ್ತು ನಿಂತೆವು. ಇನ್ನೊಂದು ಸಲ ತಟ್ಟುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಆಮೇಲಿನದು ಚಿಕ್ಕ ಕತೆ. ಅವ್ವ ನನ್ನನ್ನು ಹೊಲಿಗೆ ಕಲಿಯಲು ಕಳಿಸಿದಳು. ದೂರದ ಊರಿನ ಒಬ್ಬ ಟೇಲರು ನನ್ನನ್ನು ಮದುವೆಗೆ ಕೇಳಿದಾಗ, ಆತನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ನಾನು ಒಳಗೆ ಬಾಗಿಲ ಹಿಂದೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಆತ ಒಪ್ಪಿದ. ಜೀವಮಾನದಲ್ಲಿ ಒಂದು ಸಲವೂ ಎತ್ತಿ ಆಡಲಿಲ್ಲ. ಖಾನಾವಳಿ ನಿಧಾನವಾಗಿ ಮುಚ್ಚಿತು. ಕೊನೆಗೆ ಅವ್ವ ಒಂದು ಕೋಣೆಯಲ್ಲಿ ಕೂತು ರೊಟ್ಟಿ ಬಡಿದು ಮನೆಗಳಿಗೆ ಮಾರುತ್ತಿದ್ದಳು. ನಮ್ಮಲ್ಲಿಗೆ ಬಂದಿರು ಎಂದರೆ, "ಅಲ್ಲಿ ನಿನಗ ಹೊಸಾ ಬಾಳೇವು ಐತಿ. ನನ್ನ ಕಂಡ್ರ ಮಂದಿ ಹಳೇದು ಕೇಳ್ತಾರ" ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು. ನಿಜವಾದ್ದರಿಂದ ನಾನು ಹೆಚ್ಚು ಒತ್ತಾಯ ಮಾಡಲಿಲ್ಲ...

ಎಂಬತ್ತರ ದಶಕದ ನಡುವೆ ಆಕೆ ಬಳ್ಳಾರಿಯ ದೊಡ್ಡಾಸ್ಪತ್ರೆ ಸೇರಿದಳು. ನಾನು ಹೋದಾಗ ಮಧ್ಯಾಹ್ನ. ಜ್ವರ ತಲೆಗೇರಿತ್ತು. 'ಅವ್ವಾ' ಎಂದೆ. ಕಣ್ಣು ತೆರೆದು ನೋಡಿದಳು, ಆದರೆ ನೋಡಿದ್ದು ನನ್ನನ್ನಲ್ಲ.

"ಎಡಗೈಲೆ ಉಣ್ಣವ್ವಾ" ಎಂದಳು. "ಇಲ್ಲಿ ಯಾರೂ ಬಯ್ಯಂಗಿಲ್ಲ."

ನಾನು ಹಾಸಿಗೆಯ ಅಂಚಿಗೆ ಕೂತೆ.

"ಎಲ್ಲಿಗೆ ಒಯ್ದ ನಿನ್ನ ಅವ?"

ನರ್ಸು ಆ ಕಡೆ ಹೋದಳು. ಪಕ್ಕದ ಹಾಸಿಗೆಯ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಅವ್ವನ ಕೈ ನನ್ನ ಕೈಯನ್ನು ಹುಡುಕುತ್ತಿತ್ತು. ನಾನು ಎಡಗೈ ಕೊಟ್ಟೆ. "ಎಲ್ಲಿಗೂ ಇಲ್ಲವ್ವಾ. ಅರ್ಧ ದಾರಿಯಿಂದ ತಪ್ಪಿಸ್ಕೊಂಡು ಮನಿಗೆ ಬಂದೆ" ಎಂದೆ.

"ಬಂದ್ಯಾ?"

"ಬಂದೆ."

"ನನ್ನ ಮ್ಯಾಲೆ ಸಿಟ್ಟೈತೇನು?"

ಇಲ್ಲ ಎಂದೆ. ಆಕೆ ಕಣ್ಣು ಮುಚ್ಚಿದಳು. ಮುಖ ಸಡಿಲವಾಯಿತು. ಎರಡು ದಿನಕ್ಕೆ ಹೋದಳು. ಮಣ್ಣಿಗೆ ಬಂದವರು ಕೆಲವೇ ಮಂದಿ. ಕೋರ್ಟಿನ ಆ ಜವಾನ ಬಂದಿದ್ದ.

ಸ್ಟೇಷನ್ ರಸ್ತೆಯ ಆ ಜಾಗದಲ್ಲಿ ಈಗ ಬೇರೇನೋ ಎದ್ದಿದೆ. ಬಳ್ಳಾರಿಗೆ ಹೋದಾಗ ನಾನು ಆ ಕಡೆ ಹೋಗುವುದಿಲ್ಲ. ಆದರೆ ಬಸ್ಸಿನಲ್ಲಾಗಲಿ, ಮದುವೆಯ ಪಂಕ್ತಿಯಲ್ಲಾಗಲಿ ನನ್ನ ವಯಸ್ಸಿನ, ನನಗಿಂತ ಒಂದಿಷ್ಟು ಹಿರಿಯ ಹೆಂಗಸರು ಉಣ್ಣಲು ಕೂತರೆ ನನ್ನ ಕಣ್ಣು ಅವರ ಕೈಗೆ ಹೋಗುತ್ತದೆ. ಎಡಗೈಲಿ ಉಣ್ಣುವವಳು ಇದುವರೆಗೆ ಸಿಕ್ಕಿಲ್ಲ. ಬದುಕಿದ್ದಾಳೋ ಇಲ್ಲವೋ. ಬದುಕಿದ್ದರೆ ಯಾವ ಊರಿನಲ್ಲಿ, ಯಾವ ಹೆಸರಿನಲ್ಲಿ ಇದ್ದಾಳೋ. ಅವ್ವ ನೆಮ್ಮದಿಯಿಂದ ಹೋಗಲಿ ಎಂದು ಅವತ್ತು ಆ ಹುಡುಗಿಯ ಬದಲು ನಾನು ಮಾತಾಡಿಬಿಟ್ಟೆ. ಸಿಟ್ಟಿಲ್ಲ ಎನ್ನುವುದು, ಸಿಟ್ಟಿದೆ ಎನ್ನುವುದು, ಎರಡೂ ಆಕೆಯ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಸ್ವತ್ತು. ಅದನ್ನು ನಾನು ಆಕೆಯನ್ನು ಕೇಳದೆ ಅವ್ವನಿಗೆ ಕೊಟ್ಟುಬಿಟ್ಟೆ. ಎಂದಾದರೂ ಎದುರಾದರೆ, ಮೊದಲು ಅದನ್ನು ಹೇಳಬೇಕು.